ಇಲ್ಲಿ ಅಡುಗೆ ಗ್ಯಾಸು ತುಂಬುವುದಿಲ್ಲ

ಗುತ್ತಲು ರಸ್ತೆಯಲ್ಲಿ ಕಾರಿನ ಎಸಿ ರಿಪೇರಿ ಅಂಗಡಿ ಇಟ್ಟವನು ಜಗಳ ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಕಾರಿನಲ್ಲಿ ಕೂತು ಬರುತ್ತದೆ. ನನ್ನದು ಒಂದೇ ಹಟ. ಓಝೋನ್ ಪದರ ಕೆಡಿಸದ, ಆಯಾ ಕಾರಿಗೆ ಗೊತ್ತುಮಾಡಿದ ಗ್ಯಾಸನ್ನೇ ತುಂಬುತ್ತೇನೆ. ಎದುರು ಸಾಲಿನ ಮೆಕ್ಯಾನಿಕ್ಕು ಎಸಿಗೆ ಅಗ್ಗದಲ್ಲಿ ಅಡುಗೆ ಗ್ಯಾಸು ತುಂಬಲು ಶುರುಮಾಡಿದ ಮೇಲೆ ನನ್ನ ಗಿರಾಕಿಗಳು ಅರ್ಧಕ್ಕರ್ಧ ಅತ್ತ ಹೋದರು. ಹೀಗೇ ಆದರೆ ಅಂಗಡಿ ಬಾಗಿಲು ಹಾಕಬೇಕಾಗುತ್ತೆ ಅಂತ ಮನೆಯವಳು ದಿನಾ ಎಚ್ಚರಿಸುತ್ತಾಳೆ. ಹಾಕಿದರೆ ಹಾಕಿದೆ, ಅದನ್ನು ಮಾತ್ರ ತುಂಬುವವನಲ್ಲ.

ಮೇಷ್ಟ್ರ ಪರೀಕ್ಷೆ

ಮದ್ದೂರಿನ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಓಬೀರಾಯನ ಕಾಲದ ಕಾರು ತಂದು, ಮೊದಲಿದ್ದ ಗ್ಯಾಸೇ ಬೇಕು ಅಂದರು. ಅದು ಓಝೋನ್ ಪದರ ತೂತು ಮಾಡುತ್ತೆ, ತಯಾರಿಸುವುದನ್ನೇ ನಿಲ್ಲಿಸಿ ಎಷ್ಟೋ ವರ್ಷವಾಯಿತು ಅಂದೆ. ತೂತು ಇರುವುದು ದಕ್ಷಿಣ ಧ್ರುವದ ಮೇಲೆ, ಮದ್ದೂರಿಗೇನು ಕಷ್ಟ ಅಂತ ವಾದ ಹೂಡಿದರು. ನಾನು ಜಗ್ಗಲಿಲ್ಲ. ಪೈಪು, ಆಯಿಲ್ಲು ಬದಲಾಯಿಸಿ ಹೊಸ ಗ್ಯಾಸೇ ತುಂಬಿದೆ. ಮೇಷ್ಟ್ರು ಗಾಜು ಏರಿಸಿಕೊಂಡು ಒಳಗೆ ಕೂತರು. ಹತ್ತು ನಿಮಿಷ ಬಿಟ್ಟು ಬಾಗಿಲು ತೆಗೆದರೆ, ಕಿವಿ ಮುಚ್ಚುವಂತೆ ಟವಲು ಸುತ್ತಿಕೊಂಡು, ಹಲ್ಲು ಕಟಕಟ ಅನ್ನಿಸುತ್ತಾ, ಹಳೇದರಷ್ಟು ತಂಪಿಲ್ಲ ಅಂದರು.

ಡಿಕ್ಕಿಯೊಳಗಿನ ಸಿಲಿಂಡರು

ಮಳವಳ್ಳಿ ಕಡೆಯ ಗೌಡರೊಬ್ಬರು ಬೀಡಿ ಸೇದುತ್ತಾ ಬಂದು ಡಿಕ್ಕಿ ತೆಗೆದರು. ಒಳಗೆ ಅಡುಗೆಮನೆಯ ಸಿಲಿಂಡರು. ಗ್ಯಾಸು ಮನೆಯದೇ, ನೀನು ತುಂಬಿಕೊಟ್ಟರೆ ಸಾಕು ಅಂದರು. ಪೈಪು ಸೋರಿದರೆ ಒಂದು ಕಿಡಿ ಸಾಕು ಅಂತ ಗದರಿದೆ. ಅವರು ಎದುರು ಅಂಗಡಿಯವನ ಪಾಠ ಒಪ್ಪಿಸಿದರು.

"ಇದ್ರಿಂದ್ಲೂವೆ ಓಝೋನ್‌ಗೆ ಏನೂ ಆಗಕಿಲ್ವಂತಲ್ಲಪ್ಪ."

ಆ ಮಾತೇನೋ ನಿಜ. "ಅದುಕ್ಕೇನೂ ಆಗಕಿಲ್ಲ ಬುಡಿ ಗೌಡ್ರೆ. ನೀವೇ ಮೇಲಕ್ಕೋಗಿ ನೋಡ್ಕಬೋದು" ಅಂದೆ.

ಅವರು ಬೀಡಿ ಆರಿಸಿ, ಮೆಲ್ಲಗೆ ಡಿಕ್ಕಿ ಮುಚ್ಚಿದರು.

ಎದುರು ಅಂಗಡಿಯವನ ಕಾರು

ಹೋದ ಬೇಸಿಗೆಯಲ್ಲಿ ಒಂದು ದಿನ, ಉಳಿದ ಅಂಗಡಿಗಳು ಇನ್ನೂ ತೆರೆದಿರಲಿಲ್ಲ, ಆ ಮೆಕ್ಯಾನಿಕ್ಕೇ ತನ್ನ ಕಾರು ತಂದು ನಿಲ್ಲಿಸಿದ. ಎಸಿಗೆ ಸರಿಯಾದ ಗ್ಯಾಸು ತುಂಬಿಕೊಡು ಅಂತ ಪಿಸುಗುಟ್ಟಿದ. ನಿನ್ನ ಅಂಗಡಿಯಲ್ಲಿ ಸಿಲಿಂಡರು ಖಾಲಿಯಾಯಿತೇ ಅಂತ ಕೇಳಿದೆ.

"ಸುಮ್ಕಿರಣ್ಣ, ಇದ್ರಲ್ಲಿ ನನ್ನ ಎಂಡ್ರು ಮಕ್ಳು ಕೂತ್ಕತಾರೆ" ಅಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಊರವರ ಹೆಂಡಿರು ಮಕ್ಕಳು ಕೂರುವುದಿಲ್ಲವೇ? ಬೈದು ಅಟ್ಟಬೇಕು ಅನ್ನಿಸಿತು. ಆದರೆ ಆ ಮಕ್ಕಳು ನನಗೇನು ಮಾಡಿದ್ದವು? ಒಂದು ಗಂಟೆಯಲ್ಲಿ ಅಚ್ಚುಕಟ್ಟಾಗಿ ಕೆಲಸ ಮುಗಿಸಿದೆ. ಕಾರನ್ನು ಮಾತ್ರ ರಸ್ತೆಗೆ ಬೆನ್ನು ಮಾಡಿ, 'ಇಲ್ಲಿ ಅಡುಗೆ ಗ್ಯಾಸು ತುಂಬುವುದಿಲ್ಲ' ಅನ್ನುವ ನನ್ನ ಬೋರ್ಡಿನ ಕೆಳಗೇ ನಿಲ್ಲಿಸಿದೆ. ಹಿಂದಿನ ಗಾಜಿನ ತುಂಬಾ ಅವನ ಅಂಗಡಿಯ ಹೆಸರು, ದಪ್ಪ ಕೆಂಪು ಅಕ್ಷರದಲ್ಲಿ.

ಬಿಸಿಲೇರುವ ಹೊತ್ತಿಗೆ ಅವನ ಗಿರಾಕಿಗಳು ಒಬ್ಬೊಬ್ಬರೇ ಕಾರಿನ ಸುತ್ತ ನೆರೆದು, ಓದಿ, ನನ್ನ ಕಡೆ ತಿರುಗಿದರು. ಅವನು ಓಡಿಬಂದು ಕೀ ಕೊಡು ಅಂತ ಅಂಗಲಾಚಿದ.

"ಸಂಜೆಗಂಟ ಅಳ್ಳಾಡಿಸಂಗಿಲ್ಲ ಕಣ್ಲಾ, ಗ್ಯಾಸು ಕೂತ್ಕಬೇಕು" ಅಂದೆ.