ಉತ್ತರಕ್ಕೆ ಹೊಳ್ಳಿದ ಸೂರ್ಯ

ಮನೆ, ಅಂಗಡಿಗಳ ನಕ್ಷೆ ಹಾಕುವುದು ನನ್ನ ಕೆಲಸ. ಬಿಸಿಲು ಎಲ್ಲಿ ಬೀಳುತ್ತದೆಂದು ಮೊದಲೇ ಲೆಕ್ಕ ಹಾಕಿ ಹೇಳುವುದು ನನ್ನ ಚಟ. ಹೇಳಿದಾಗಲೆಲ್ಲ ಏನಾದರೊಂದು ಎಡವಟ್ಟು ಆಗುತ್ತದೆ. ಸೂರ್ಯನಿಗೂ ನನಗೂ ಯಾವ ಜನ್ಮದ ಹಗೆಯೋ ಗೊತ್ತಿಲ್ಲ.

೧. ಅವ್ವನ ಹನ್ನೆರಡು ಗಂಟೆ

ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣದ ತುದಿ ಮುಟ್ಟುವ ದಿನ ಕಲಬುರಗಿ ಹತ್ತಿರದ ಕಮಲಾಪುರದ ನಮ್ಮ ಅಂಗಳದಲ್ಲಿ ಕೋಲು ನೆಟ್ಟೆ. ನಡುಹಗಲಿನ ನೆರಳು ಅಳೆದರೆ ಸೂರ್ಯನ ಎತ್ತರ ಸಿಗುತ್ತದೆ. ಸರಿಯಾಗಿ ಹನ್ನೆರಡಕ್ಕೆ ಟೇಪು ಹಿಡಿದು ಕುಂತೆ.

"ಇನ್ನೂ ಟೈಮ್ ಆಗಿಲ್ಲೋ," ಅಂದಳು ಅವ್ವ. "ಕಂಬದ ನೆರಳು ಆ ಗೆರಿಗೆ ಬರಬೇಕು. ಆಮ್ಯಾಲೆ ಊಟ."

ಹಾಸುಗಲ್ಲಿನ ಮೇಲಿನ ಗೆರೆಯೇ ಅವಳ ಗಡಿಯಾರ. ನಾನು ಮೊಬೈಲ್ ತೋರಿಸಿ ನಕ್ಕೆ. ನೆರಳು ಗೆರೆ ಮುಟ್ಟಿದ್ದು ಇಪ್ಪತ್ತು ನಿಮಿಷ ಕಳೆದ ಮೇಲೆ. ಗಡಿಯಾರ ದೇಶಕ್ಕೆಲ್ಲ ಒಂದೇ ಆದರೂ ಸೂರ್ಯ ಊರೂರಿಗೆ ಬೇರೆ ಹೊತ್ತಿಗೆ ನೆತ್ತಿಗೆ ಬರುತ್ತಾನೆಂಬುದು ಮರೆತೇಹೋಗಿತ್ತು.

"ಹನ್ನೆರಡಾಗಿದ್ದು ನಿನ್ನ ಮೊಬೈಲಿಗೆ," ಅಂದಳು. "ಸೂರ್ಯಗ ಈಗ ಆತು. ತಾಟು ತಗೊಂಡು ಬಾ."

೨. ಚಜ್ಜಾ ಬ್ಯಾಡ್ರಿ

ಕಲಬುರಗಿಯ ರೋಜಾ ಬಡಾವಣೆಯಲ್ಲಿ, ಎಲ್ಲರೂ ಆಪಾ, ಅಂದರೆ ಅಕ್ಕ, ಎಂದು ಕರೆಯುವ ಒಬ್ಬರು ಹೂ ಮಾರುತ್ತಾರೆ. ಗುಲಾಬಿಗೆ ಒಂದು ತಾಸು ಬಿಸಿಲು ತಾಗಿದರೂ ಅವರ ಆ ದಿನದ ದುಡಿಮೆ ಹಾಳು. ಅವರ ಹೊಸ ಅಂಗಡಿಯ ನಕ್ಷೆ ನನ್ನದು. ಮುಖ ಉತ್ತರಕ್ಕೆ.

"ಮುಂದ ನೆರಳಿಗೆ ಚಜ್ಜಾ ಬೇಕಲ್ರಿ, ಎಂಜಿನಿಯರ್ ಸಾಬ್?"

"ಬ್ಯಾಡ್ರಿ ಆಪಾ. ಸೂರ್ಯ ಇರೋದು ದಕ್ಷಿಣಕ್ಕ. ಲೆಕ್ಕ ಹಾಕೀನಿ."

ಹಾಕಿದ್ದು ಅದೇ ಡಿಸೆಂಬರಿನ ಲೆಕ್ಕ. ಹುಮ್ಮಸ್ಸಿನಲ್ಲಿ ಉದ್ಘಾಟನೆಗೆ ಅಂಗಡಿಯಷ್ಟೇ ಅಗಲದ ಫ್ಲೆಕ್ಸನ್ನೂ ಮಾಡಿಸಿಕೊಟ್ಟೆ. ಮೇಲೆ ನನ್ನ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ: 'ಇಲ್ಲಿ ಬಿಸಿಲಿಗೆ ಪ್ರವೇಶವಿಲ್ಲ.'

ಆಪಾ ನಿಧಾನವಾಗಿ ಓದಿ ಕೇಳಿದರು, "ಸೂರ್ಯಗ ಕನ್ನಡಾ ಓದಾಕ ಬರ್ತದೇನ್ರಿ?"

೩. ಆಕಾಶದ ಕನ್ನಡಿ

ಜೂನಿನಲ್ಲಿ ಮೋಡವಿಲ್ಲದ ಒಂದು ದಿನ ಕಮಲಾಪುರದಲ್ಲಿದ್ದಾಗ ಆಪಾ ಫೋನ್ ಮಾಡಿದರು.

"ಸಾಬ್, ನಿಮ್ಮ ಸೂರ್ಯ ನಮ್ಮ ದುಕಾನದಾಗ ಬಂದು ಕುಂತಾನ."

"ಆಗಂಗಿಲ್ರಿ. ಎದುರಿಗೆ ಯಾರದರ ಕನ್ನಡಿ ಹೊಳೀತಿರಬೇಕು ನೋಡ್ರಿ."

"ನೋಡೀನ್ರಿ. ಕನ್ನಡಿ ಆಕಾಶದಾಗ ಅದ."

೪. ಕೊನೆಗೂ ಖರೇ ಆಯಿತು

ಫೋನಿಟ್ಟು ತಿರುಗಿದರೆ ಅವ್ವ ನೀರಿನ ಕೊಡಗಳನ್ನು ಮನೆಯ ಉತ್ತರದ ಗೋಡೆಯಿಂದ ದಕ್ಷಿಣದ ಗೋಡೆಗೆ ಸಾಗಿಸುತ್ತಿದ್ದಳು.

"ಇದ್ಯಾಕವ್ವ?"

"ಮಿರಗದ ಮಳಿ ಹೊತ್ತಿಗೆ ಸೂರ್ಯಾ ಆ ಕಡಿ ಹೊಳ್ಳತಾನಲ್ಲೋ, ನೆರಳು ಈ ಕಡಿ ಬರ್ತದ. ಹುಟ್ಟಿದಾಗಿಂದ ಇದೇ ಮನ್ಯಾಗ ಇದ್ದಿ."

ಆಗ ನೆನಪಾಯಿತು. ಜೂನಿನಲ್ಲಿ ಸೂರ್ಯ ನಮ್ಮೂರನ್ನೂ ದಾಟಿ ಉತ್ತರಕ್ಕೆ ಹೋಗುತ್ತಾನೆ. ಒಂದು ತುದಿಯ ಲೆಕ್ಕ ಹಾಕಿ ಇನ್ನೊಂದನ್ನು ಬಿಟ್ಟಿದ್ದೆ. ಕಲಬುರಗಿಯ ಬಸ್ಸು ಹತ್ತಿ, ಅದರಲ್ಲೇ ಜೂನಿನ ತುದಿಯ ಲೆಕ್ಕವನ್ನೂ ಮುಗಿಸಿದೆ. ಚಜ್ಜಾ ಮೂರೂವರೆ ಫೂಟು ಬೇಕು. ಅಷ್ಟರಲ್ಲಿ ಗುಲಾಬಿಗಳು ಬಾಡಿಯೇ ಹೋಗಿರುತ್ತವೆ ಅಂದುಕೊಂಡೆ.

ಅಂಗಡಿ ತಲುಪಿ ನೋಡಿದರೆ ಹೂಗಳು ಆಗಷ್ಟೇ ಕಿತ್ತಂತೆ ತಾಜಾ ಇದ್ದವು. ಎರಡು ಬಿದಿರು ನೆಟ್ಟು, ಆಪಾ ನನ್ನ ಫ್ಲೆಕ್ಸನ್ನೇ ಅಂಗಡಿಯ ಮುಂದೆ ಚಪ್ಪರದಂತೆ ಬಿಗಿದಿದ್ದರು. ಫೋಟೋದಲ್ಲಿದ್ದ ನಾನು ಸೂರ್ಯನಿಗೆ ಮುಖ ಕೊಟ್ಟು ನಗುತ್ತಿದ್ದೆ. ಇಷ್ಟು ಸಂತೋಷದಿಂದ ನಾನೆಂದೂ ನಾಚಿಕೊಂಡಿಲ್ಲ.

"ತಪ್ಪಾತ್ರಿ ಆಪಾ. ನಾಳೆ ನಾನೇ ನಿಂತು ತಗಡಿನ ಚಜ್ಜಾ ಹಾಕಿಸ್ತೀನಿ. ಇದನ್ನ ಬಿಚ್ಚಿಬಿಡ್ರಿ."

"ಚಜ್ಜಾ ಹಾಕ್ರಿ. ಇದು ಮಾತ್ರ ಬಿಚ್ಚಂಗಿಲ್ಲ," ಅಂದರು ಆಪಾ, ಹೂವಿಗೆ ನೀರು ಚಿಮುಕಿಸುತ್ತ. "ನಿಮ್ಮ ಲೆಕ್ಕ ಹೆಂಗರ ಇರ್ಲಿ, ಬರೆದಿದ್ದು ಖರೇ ಅದ. ಇದರ ಬುಡಕ ಬಿಸಿಲಿಗೆ ಪ್ರವೇಶ ಇಲ್ಲ."