ಲಾಲಮ್ಮನ ಅಡುಗೆಮನೆಯ ಛಾಪಖಾನೆ

ಜಹಾಂಗೀರ ಮಾಡಿದ ತಪ್ಪು ಇಷ್ಟೇ. ಕಲ್ಲನ್ನು ಗಾಳಿಗೆ ಒಣಗಲಿ ಎಂದು ಅಂಗಡಿಯ ಬಾಗಿಲ ಹೊರಗೆ, ಮುಖ ಗೋಡೆಯ ಕಡೆ ಮಾಡಿ ಒರಗಿಸಿಟ್ಟು ಚಹಾ ಕುಡಿಯಲು ಹೋದ. ಬೇರೆ ಊರಲ್ಲಾದರೆ ಇದು ತಪ್ಪೇ ಅಲ್ಲ. ನೆಲಕ್ಕೆ ಹಾಸುವ ಕಲ್ಲಿನ ಗಣಿಗಳ ಊರಾದ ಶಹಾಬಾದದಲ್ಲಿ ಮಾತ್ರ ಬೀದಿಯಲ್ಲಿಟ್ಟ ನುಣುಪಾದ ಫರಸಿಕಲ್ಲು ಎಂದರೆ ಮದುವೆಮನೆ ಬಾಗಿಲಲ್ಲಿ ಬಿಟ್ಟ ಹೊಸ ಚಪ್ಪಲಿ ಇದ್ದ ಹಾಗೆ. ಹೋಟೆಲಿನಲ್ಲಿ ಮಾತಿಗೆ ಕುಳಿತವನು ಹೊತ್ತು ಮುಳುಗಿದ ಮೇಲೆ ನೆಟ್ಟಗೆ ಮನೆಗೆ ಹೋಗಿ ಮಲಗಿದ. ಬೆಳಿಗ್ಗೆ ಬಂದು ನೋಡಿದರೆ ಗೋಡೆ ಇತ್ತು, ಕಲ್ಲು ಇರಲಿಲ್ಲ.

ಅದು ಅಂಥಿಂಥ ಕಲ್ಲಲ್ಲ. ಜಹಾಂಗೀರ ಕಲ್ಲಚ್ಚಿನವನು. ಎಣ್ಣೆಮಸಿಯಿಂದ ಕಲ್ಲಿನ ಮೇಲೆ ಚಿತ್ರವನ್ನು ತಿರುಗುಮುರುಗಾಗಿ ಬರೆಯುತ್ತಿದ್ದ. ಒದ್ದೆ ಅರಿವೆ ಆಡಿಸಿ, ಮಸಿ ಹಚ್ಚಿದ ರೋಲರು ಉರುಳಿಸಿದರೆ ನೀರು ಕುಡಿದ ಜಾಗಕ್ಕೆ ಮಸಿ ಹತ್ತುತ್ತಿರಲಿಲ್ಲ; ಬರೆದ ಗೆರೆಗೆ ಮಾತ್ರ ಹತ್ತುತ್ತಿತ್ತು. ಮೇಲೆ ಕಾಗದ ಹಾಸಿ ಒತ್ತಿದರೆ ಆಯಿತು, ಚಿತ್ರ. ಇದಕ್ಕೆ ಮೊದಲು ವಿಲಾಯತಿ ಕಲ್ಲಿತ್ತು. ಅದು ಒಡೆದ ಮೇಲೆ ಜಹಾಂಗೀರ ವರ್ಷಗಟ್ಟಲೆ ಊರ ಗಣಿಗಳನ್ನೆಲ್ಲ ಸುತ್ತಿದ. ಕಲ್ಲು ತಟ್ಟಿದ, ತಿಕ್ಕಿದ, ನಾಲಗೆಯಿಂದ ನೆಕ್ಕಿಯೂ ನೋಡಿದ. ಗಣಿಯವರು ಇವನಿಗೆ ಮನೆಯಲ್ಲಿ ಊಟ ಹಾಕುವುದಿಲ್ಲವೇನೋ ಎಂದುಕೊಂಡರು. ಒಂದರಲ್ಲಿ ಮಸಿ ಹರಡುತ್ತಿತ್ತು, ಇನ್ನೊಂದರಲ್ಲಿ ಹತ್ತುತ್ತಲೇ ಇರಲಿಲ್ಲ. ಕಡೆಗೆ ಒಂದು ಸಿಕ್ಕಿತು. ಒಂದೇ ಒಂದು.

ಆ ಕಲ್ಲಿನ ಮೇಲೆ ಈಗ ವಿಮಲಾಬಾಯಿಯವರ ಮುಖವಿತ್ತು. ಸೊಲ್ಲಾಪುರದ ದೊಡ್ಡ ಗಾಯಕಿ. ಅಂಚೆಚೀಟಿಯಷ್ಟು ಫೋಟೋ ನೋಡಿಕೊಂಡು ಜಹಾಂಗೀರ ಅವರನ್ನು ತಂಬೂರಿಯೊಂದಿಗೆ ಕೂರಿಸಿದ್ದ. ಅರ್ಧ ಮುಚ್ಚಿದ ಕಣ್ಣು, ತುಸು ಎತ್ತಿದ ಕೈ. ನೋಡಿದವರು ತಮಗೆ ಗೊತ್ತಿಲ್ಲದೆ ದನಿ ತಗ್ಗಿಸುತ್ತಿದ್ದರು. ಹಾಗೆ ಬರೆದಿದ್ದ. ಬೀಡಿ ಕಟ್ಟಿನ ಚೀಟಿ ಒತ್ತಿ ಹೊಟ್ಟೆ ಹೊರೆಯುವವನಿಗೆ ಈ ಕೈ ಎಲ್ಲಿಂದ ಬಂತೋ!

ಅವರ ಹಾಡಿನ ಕಚೇರಿ ಅಂದೇ ಸಂಜೆ. ಹೈದರಾಬಾದಿನಿಂದ ಬರಬೇಕಾದ ಕಾಗದ ವಾಡಿ ಜಂಕ್ಷನ್ನಿನಲ್ಲಿ ಬಿದ್ದುಕೊಂಡಿದ್ದು ನಿನ್ನೆಯಷ್ಟೇ ಕೈಸೇರಿತ್ತು. ಒಂದು ಪೋಸ್ಟರೂ ಗೋಡೆಗೆ ಹತ್ತಿರಲಿಲ್ಲ. ಸಂಗೀತ ಸಭಾದ ಅಧ್ಯಕ್ಷ, ಫರಸಿ ವ್ಯಾಪಾರಿ ಕಲ್ಯಾಣಪ್ಪ ಸಾಹುಕಾರರು ಬೆಳ್ಳಂಬೆಳಿಗ್ಗೆ ಬಂದು ನಿಂತರು.

"ಏ ಜಹಾಂಗೀರ, ಪೋಸ್ಟರ್ ಎಲ್ಲಿ?"

"ಆಗ್ಲಿಕತ್ತಾವರಿ ಸಾಹುಕಾರ್ರ."

"ಒಂದು ಮಾತು ಕೇಳ್ಕೋ. ಇವತ್ತು ಬಾಯಿಯವರ ಮುಂದ ಮಂದಿ ತುಂಬಿದ್ರ ಸಭಾದ ಪೋಸ್ಟರೆಲ್ಲ ಇನ್ನ ಮ್ಯಾಲ ನಿಂದೇ. ಹಾಲ್ ಖಾಲಿ ಬಿತ್ತು ಅಂದ್ರ, ಹೈದರಾಬಾದದ ಮಷೀನಿಗಿ ಹಾಕಸ್ತೀನಿ. ನೀ ಬೀಡಿ ಚೀಟಿ ಒತ್ಕೋತ ಕುಂದ್ರು."

"ತುಂಬ್ತದರಿ," ಎಂದ ಜಹಾಂಗೀರ. ಸಾಹುಕಾರರು ಮೂಲೆ ತಿರುಗುವವರೆಗೆ ನಗುತ್ತ ನಿಂತಿದ್ದು, ಆಮೇಲೆ ಓಡಿದ.

ಆ ಓಣಿಗೆ ಬಂಡಿ ತರುವವನು ಚಾಂದ್ ಒಬ್ಬನೇ. ಅವನು ಎತ್ತಿಗೆ ನೀರು ಕುಡಿಸುತ್ತಿದ್ದ.

"ನಿನ್ನಿ ನನ್ನ ಗೋಡಿಗಿದ್ದ ಕಲ್ಲು ಒಯ್ದೇನೋ?"

"ಒಯ್ದೆ ಭಾಯಿ. ಲಾಲಮ್ಮನ ಹೊಸ ಅಡಗಿಮನಿಗಿ ಒಂದು ಫರಸಿ ಕಮ್ಮಿ ಬಿದ್ದಿತ್ತು. ನಿನ್ನ ಗೋಡಿಗಿ ಕಲ್ಲಿತ್ತು, ನನ್ನ ಬಂಡ್ಯಾಗ ಜಾಗಾ ಇತ್ತು."

"ಯಾರ್ದು ಅಂತ ಕೇಳಬಾರ್ದೇನೋ?"

"ನಮ್ಮೂರಾಗ ಕಲ್ಲಿಗಿ ಹೆಸರು ಬರ್ದಿರ್ತಾರೇನು?"

"ಹೆಸರಲ್ಲೋ, ಇಡೀ ಬಾಯಿಯವರನ್ನೇ ಬರ್ದಿದ್ದೆ!"

"ಮಬ್ಬಿತ್ತು ಭಾಯಿ," ಎಂದ ಚಾಂದ್. "ಕೈಗಿ ನುಣ್ಣಗ ಹತ್ತಿತು ಅಂತ ಬೋರಲು ಹಾಕ್ಕೊಂಡ್ ಹೋದೆ. ನೋಡು, ಎಷ್ಟು ಜೋಪಾನ!"

ಲಾಲಮ್ಮ ಸಿಮೆಂಟ್ ಕಾರಖಾನೆಯ ಫಿಟ್ಟರನ ಹೆಂಡತಿ. ಗಂಡ ಕಾರಖಾನೆಯಲ್ಲಿ ಯಂತ್ರಗಳಿಗೆ ಹೆದರುತ್ತಿರಲಿಲ್ಲ, ಹೆದರುವ ಅಗತ್ಯವೆಲ್ಲ ಮನೆಯಲ್ಲೇ ತೀರುತ್ತಿತ್ತು. ಜಹಾಂಗೀರ ಹೋದಾಗ ಆಕೆ ಹೊಸ ಅಡುಗೆಮನೆಯ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತು ನೆಲ ನೋಡುತ್ತಿದ್ದಳು. ನೆಲ ಹಾಸಿದ ಗೌಂಡಿ ರಾಮಲಿಂಗ ಮೂಲೆಯಲ್ಲಿ ಬೀಡಿ ಸೇದುತ್ತ ತನ್ನ ಕೆಲಸವನ್ನು ತಾನೇ ಮೆಚ್ಚುತ್ತಿದ್ದ. ಒಲೆಯ ಮುಂದೆ, ಸರಿಯಾಗಿ ನಡುವೆ, ವಿಮಲಾಬಾಯಿಯವರು ಸೂರು ನೋಡುತ್ತ ಕುಳಿತಿದ್ದರು.

"ಬಾ ಜಹಾಂಗೀರಣ್ಣ, ನೋಡು. ಗೌಂಡಿ ಚಿತ್ರದ ಕಲ್ಲು ಹಾಕ್ಯಾನ, ಪುಕ್ಕಟೆ!"

"ಅಕ್ಕಾ, ಅದು ನನ್ನ ಕಲ್ಲು."

"ನಿನ್ನ ಕಲ್ಲು ನನ್ನ ಅಡಗಿಮನ್ಯಾಗ ಯಾಕ ಬಂತು?"

ಜಹಾಂಗೀರ ರಾಮಲಿಂಗನ ಕಡೆ ತಿರುಗಿದ. "ಎಬ್ಬಿಸಿಕೊಡೋ, ನಿನ್ನ ಕಾಲಿಗಿ ಬೀಳ್ತೀನಿ."

"ಎಬ್ಬಿಸಬಹುದು," ಎಂದ ರಾಮಲಿಂಗ ನಿಧಾನವಾಗಿ. "ಎರಡು ತುಂಡಾಗಿ ಬರ್ತದ. ಮೂರಾದ್ರೂ ಆಗಬಹುದು, ನಾ ಮಾತು ಕೊಡಂಗಿಲ್ಲ. ಸಿಮೆಂಟ್ ರಾತ್ರಿಗೇ ಹಿಡದದ."

"ಬುಡದಾಗ ಒಂದು ಸಾಲು ಬರ್ದಿದ್ದೆ. ಜಾಗಾ, ಟೈಮು. ಅದೆಲ್ಲಿ?"

"ಅದಾ? ಕಲ್ಲು ಗೇಣುದ್ದ ಹೆಚ್ಚಾಗಿತ್ತು. ಕಡದು ಪಾಯದಾಗ ತುಂಬೀನಿ."

ಜಹಾಂಗೀರ ಬಾಯಿಯವರ ಪಕ್ಕದಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ಅಂಗಡಿಯಲ್ಲಿ ಒತ್ತುವ ಯಂತ್ರವಿತ್ತು, ಇಲ್ಲಿ ಕಲ್ಲಿತ್ತು. ನಡುವೆ ಒಂದು ಓಣಿ, ಒಬ್ಬ ಗೌಂಡಿ, ಒಬ್ಬಳು ಲಾಲಮ್ಮ. ಕುಳಿತಲ್ಲೇ ಬೆರಳಿನಿಂದ ಚಿತ್ರದ ಮೇಲಿನ ಸಿಮೆಂಟ್ ಧೂಳು ಒರೆಸಿದ. ಒಂದು ಗೆರೆಯೂ ಹೋಗಿರಲಿಲ್ಲ. ಆಗ ತಲೆಗೆ ಹೊಳೆಯಿತು. ಕಲ್ಲು ಬರದಿದ್ದರೆ ಬೇಡ, ಕಾಗದಕ್ಕೆ ಕಾಲು ಇದೆಯಲ್ಲ!

ರೋಲರು, ಮಸಿ, ಕಾಗದ ಹೊತ್ತು ತಂದ. ಒತ್ತಲು ಲಾಲಮ್ಮನ ಹಿತ್ತಾಳೆ ಬಟ್ಟಲು ಕೇಳಿದ. ಅವಳು ಬಟ್ಟಲು ಕೊಟ್ಟಳು, ಆದರೆ ಸೌಟು ಹಿಡಿದು ಪೊಲೀಸಿನವರಂತೆ ತಲೆಯ ಮೇಲೇ ನಿಂತಳು. "ನೆಲ ಕರ್ರಗಾದ್ರ ನೋಡು ಮತ್ತ!"

ಜಹಾಂಗೀರ ಒದ್ದೆ ಅರಿವೆ ಆಡಿಸಿದ. ರೋಲರು ಉರುಳಿಸಿದ. ಮಸುಕಾಗಿದ್ದ ಮುಖ ಕಪ್ಪಾಗಿ ಎದ್ದು ಬಂತು, ಸುತ್ತಲಿನ ಕಲ್ಲಿಗೆ ಒಂದು ಚುಕ್ಕೆಯೂ ಹತ್ತಲಿಲ್ಲ. ಕಾಗದ ಹಾಸಿ, ಬಟ್ಟಲಿನ ತಳದಿಂದ ಮಗುವಿನ ಬೆನ್ನು ತಟ್ಟಿದಷ್ಟು ಮೆತ್ತಗೆ, ಆಮೇಲೆ ಮೈಭಾರ ಹಾಕಿ ಉಜ್ಜಿದ. ಮೂಲೆ ಹಿಡಿದು ಕಾಗದ ಎತ್ತಿದ.

ಸೌಟು ಕೆಳಗಿಳಿಯಿತು. "ಯವ್ವಾ!" ಎಂದಳು ಲಾಲಮ್ಮ. ಅವಳ ಕೈ ತನ್ನಷ್ಟಕ್ಕೆ ತಾನೇ ಹೋಗಿ ತಲೆಯ ಮೇಲಿನ ಸೆರಗು ಸರಿಮಾಡಿತು, ಮನೆಗೆ ದೊಡ್ಡವರು ಯಾರೋ ಬಂದ ಹಾಗೆ. "ಉಸಿರು ಬಿಡಾಕತ್ತಾರಲ್ಲೋ ಅಣ್ಣಾ! ಮೊದಲನೇದು ನನಗ. ಇಲ್ಲಾಂದ್ರ ಕೆಲಸ ಬಂದ್."

ಕೊಟ್ಟ. ಅಲ್ಲಿಗೆ ಸುದ್ದಿ ಗೋಡೆ ಹಾರಿತು. ಪಕ್ಕದ ಮನೆಯ ಇಮಾಮ್ಬೀ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದವಳು ಹಾಗೇ ಬಂದಳು; ಏಳುವಾಗ ಎಣ್ಣೆ ಬಟ್ಟಲು ಎಡವಿ, ಚೆಲ್ಲಿದ ಎಣ್ಣೆ ತುಳಿದು, ನೆಟ್ಟಗೆ ಕಲ್ಲಿನ ಮೇಲೆ ಕಾಲಿಟ್ಟಳು. ಮುಂದಿನ ಕಾಗದ ಎತ್ತಿದರೆ ಬಾಯಿಯವರ ಭುಜದ ಮೇಲೆ ಒಂದು ಹಿಮ್ಮಡಿ!

"ಖಾಲಾ!" ಜಹಾಂಗೀರ ಕಿರುಚಿದ. "ಈ ಕಲ್ಲು ಎಣ್ಣಿ ಮರಿಯಂಗಿಲ್ಲ!"

"ನಾ ಏನು ಆನಿ ಕಾಲಿಟ್ಟೀನೇನೋ? ಒಂದು ಹಿಮ್ಮಡಿ!"

"ಒಂದು ಹಿಮ್ಮಡಿ ಎಲ್ಲಾ ಪೋಸ್ಟರಿನ್ಯಾಗೂ ಬರ್ತದ. ಬಾಯಿಯವರಿಗಿ ಒದ್ದು ಹಾಡಸ್ಲಿಕತ್ತಾರ ಅಂತಾರ ಮಂದಿ!"

ನಿಂಬೆಹಣ್ಣು ಹಿಂಡಿ, ಅರಿವೆಯ ತುದಿಯಿಂದ ತಿಕ್ಕಿ ತಿಕ್ಕಿ ಹಿಮ್ಮಡಿ ತೆಗೆದ. ಅಲ್ಲಿಂದ ಮುಂದೆ ಲಾಲಮ್ಮ ತಾನೇ ಕಟ್ಟಳೆ ಮಾಡಿದಳು. ಕಾಲು ತೊಳೆಯದೆ ಯಾರೂ ಹೊಸ್ತಿಲು ದಾಟಬಾರದು. ಒಲೆ ಹಚ್ಚಬಾರದು, ಒಗ್ಗರಣೆಯಂತೂ ಕೂಡದು. ಇಮಾಮ್ಬೀ ಕಾಲಿಗೆ ಸೀಗೆಕಾಯಿ ಹಚ್ಚಿ ತೊಳೆದು ಬಂದು, ತಪ್ಪಿಗೆ ತಾನೇ ದಂಡ ಹಾಕಿಕೊಂಡು, ಒದ್ದೆ ಅರಿವೆ ಹಿಡಿದಳು. ಎಂಥ ಕೈ ಅವಳದು! ನೀರು ಹೆಚ್ಚಾಗುತ್ತಿರಲಿಲ್ಲ, ಕಡಿಮೆಯಾಗುತ್ತಿರಲಿಲ್ಲ. ಓಣಿಯ ಹೆಂಗಸರು ಕಾಗದ ಹಾಸಿದರು, ಬಟ್ಟಲು ಉಜ್ಜಿದರು, ಅಂಗಳದ ತಂತಿಗೆ ಸೀರೆ ಹರವಿದ ಹಾಗೆ ಬಾಯಿಯವರನ್ನು ಹರವಿದರು. ಊಟಕ್ಕೆ ಬಂದ ಲಾಲಮ್ಮನ ಗಂಡ ತಣ್ಣಗಿದ್ದ ಒಲೆ ನೋಡಿ ಬಾಯಿ ತೆರೆದ. ಕೈಗೆ ಬಟ್ಟಲು ಬಂತು, ಬಾಯಿ ಮುಚ್ಚಿದ, ಉಜ್ಜತೊಡಗಿದ. ಕೆಲಸ ಮಾಡಿದವರಿಗೆಲ್ಲ ಒಂದೊಂದು ಪ್ರತಿ ಹೋಯಿತು. ನೋಡಲು ಬಂದವರೂ ಕೆಲಸ ಮಾಡಿದೆವೆಂದರು.

ಮಧ್ಯಾಹ್ನದ ಹೊತ್ತಿಗೆ ಒಂದು ಬಂಡಿ ಪೋಸ್ಟರು, ಒಂದು ಕೊಡ ಅಂಟು ತಯಾರಾಯಿತು. ಜಾಗ, ಹೊತ್ತು ಬರೆದ ಸಾಲು ಪಾಯದಲ್ಲಿ ಹೂತಿತ್ತಲ್ಲ, ಅದನ್ನು ಕೈಯಲ್ಲಿ ಬರೆಯುತ್ತ ಕೂರಲು ಪುರುಸೊತ್ತಿರಲಿಲ್ಲ.

"ಚಾಂದ್, ಗೋಡಿಗಿ ಹಚ್ಚಿದಲ್ಲೆಲ್ಲ ಬಾಯಿಲೆ ಹೇಳು. ಸಂಜಿ ಆರಕ್ಕ, ಸಭಾದ ಹಾಲ್. ತಿಳೀತಾ?"

"ನಾ ಏನ್ ಸಣ್ಣ ಹುಡುಗನಾ ಭಾಯಿ?" ಎಂದು ಚಾಂದ್ ಬಂಡಿ ಹೊಡೆದ.

ಚಾಂದನ ಬಾಯಿಯನ್ನು ನಂಬಿದ್ದು ಶುದ್ಧ ಹುಚ್ಚುತನ. ಸ್ಟೇಷನ್ನಿನ ಗೋಡೆಗೆ ಮೊದಲನೆಯದು ಹಚ್ಚುವಾಗಲೇ ಜನ ಮುತ್ತಿದರು. ಇಂಥ ಚಿತ್ರ ಈ ಊರಿನ ಗೋಡೆ ಕಂಡಿರಲಿಲ್ಲ. ಯಾವ ಮಷೀನಿನದು ಎಂದು ಯಾರೋ ಕೇಳಿದರು. ಚಾಂದ್ ಎದೆ ಉಬ್ಬಿಸಿದ. "ಮಷೀನಾ? ಲಾಲಮ್ಮನ ಅಡಗಿಮನಿ ನೆಲದ ಮ್ಯಾಲ ಒತ್ಯಾರ! ಆ ಕಲ್ಲು ಒಯ್ದವ ನಾನೇ!" ಅಲ್ಲಿಂದ ಶುರುವಾದ ಕತೆ ಗೋಡೆಯಿಂದ ಗೋಡೆಗೆ ಬೆಳೆಯಿತು. ಸಭಾದ ಹಾಲ್, ಆರು ಗಂಟೆ ಎಂದು ಅವನು ಹೇಳಿದ್ದು ಖರೆ. ಆದರೆ ಕೊನೆಯಲ್ಲಿ ಹೇಳುತ್ತಿದ್ದ, ಅಷ್ಟರಲ್ಲಿ ಕೇಳುವವರು ಲಾಲಮ್ಮನ ಮನೆಯ ದಾರಿ ಹಿಡಿದಿರುತ್ತಿದ್ದರು.

ಸಂಜೆಗೆ ಓಣಿ ತುಂಬಿತು. ಗಣಿಯವರು ಮೈಮೇಲಿನ ಬಿಳಿ ಧೂಳಿನ ಸಮೇತ ಬಂದರು. ವಾಡಿಯ ಪ್ಯಾಸೆಂಜರಿನಲ್ಲಿ ಇಳಿದವರು ದಾರಿ ಕೇಳಿಕೊಂಡು ಬಂದರು. ಎಲ್ಲರೂ ಚಪ್ಪಲಿ ಬಿಟ್ಟು, ಕಾಲು ತೊಳೆದು, ಸಾಲಿನಲ್ಲಿ ನಿಂತರು. ಜಹಾಂಗೀರ ಕೈ ಮುಗಿದ.

"ಕಚೇರಿಗಿ ಹೋಗ್ರಿಯಪ್ಪಾ, ಆರು ಬಡೀತು!"

"ಹೋಗ್ತೀವಿ ಭಾಯಿ. ಒಂದು ಒತ್ತಿ ತೋರ್ಸು, ನೋಡಿ ಹೋಗ್ತೀವಿ."

ಒಂದು ಒತ್ತಿದ. ನೋಡಿದವರು ಹೋಗಲಿಲ್ಲ, ಹಿಂದಿದ್ದವರು ಮುಂದೆ ಬಂದರು. ಇನ್ನೊಂದು ಒತ್ತಿದ. ಪ್ರತಿ ಸಲ ಕಾಗದ ಎದ್ದಾಗಲೂ ಇಡೀ ಓಣಿ ಒಂದೇ ಸಲ ಹಾ ಎನ್ನುತ್ತಿತ್ತು. ಬದುಕಿಡೀ ಕೇಳಬೇಕೆಂದಿದ್ದ ಆ ಶಬ್ದ ಕೇಳುತ್ತ ಜಹಾಂಗೀರ ಬೆವರುತ್ತಿದ್ದ.

ಅಷ್ಟರಲ್ಲಿ ಜನರನ್ನು ಸೀಳಿಕೊಂಡು ಕಲ್ಯಾಣಪ್ಪ ಸಾಹುಕಾರರು ಬಂದರು. ತಲೆಯ ರುಮಾಲು ಬಿಚ್ಚಿ ಹೆಗಲಿಗೆ ಬಿದ್ದಿತ್ತು.

"ಸಭಾದ ಹಾಲ್‌ದಾಗ ನಾನು, ವಾಚ್‌ಮನ್, ಒಂದು ನಾಯಿ! ಬಾಯಿಯವರು ತಂಬೂರಿ ಶ್ರುತಿ ಮಾಡ್ಕೊಂಡು ಕುಂತಾರ! ಮಂದಿ ಕರಿ ಅಂದ್ರ ಇಲ್ಲಿ ಕಟ್ಟಿ ಹಾಕಿಯೇನೋ? ನಾಳಿಗೇ ಹೈದರಾಬಾದಕ್ಕ..."

"ಮಾತು ನಿಲ್ಲಿಸ್ರಿ ಸಾಹುಕಾರ್ರ," ಎಂದಿತು ಹಿಂದಿನಿಂದ ಒಂದು ಹೆಣ್ಣು ದನಿ. "ನಂಗೂ ನೋಡಲಿಕ್ಕೆ ಬಿಡ್ರಿ."

ವಿಮಲಾಬಾಯಿಯವರು. ಟಾಂಗಾದಿಂದಿಳಿದು ಸಾಹುಕಾರರಿಗೂ ಗೊತ್ತಾಗದ ಹಾಗೆ ಅವರ ಹಿಂದೆಯೇ ಬಂದಿದ್ದರು. ಹೊಸ್ತಿಲಲ್ಲಿ ಲಾಲಮ್ಮ ಸೌಟು ಅಡ್ಡ ಹಿಡಿದಳು. "ಕಾಲು ತೊಳಕೊಂಡು ಬರ್ರಿ ಅಕ್ಕಾ, ಕಲ್ಲಿಗಿ ಆಗಂಗಿಲ್ಲ." ಆಮೇಲೆ ಮುಖ ನೋಡಿದಳು, ನೆಲ ನೋಡಿದಳು, ಸೌಟು ಕೈಯಿಂದ ಬಿತ್ತು. ಬಾಯಿಯವರು ನಗುತ್ತ ಕಾಲು ತೊಳೆದು ಒಳಗೆ ಬಂದು, ಕಲ್ಲಿನ ಪಕ್ಕದಲ್ಲಿ ಮೊಣಕಾಲೂರಿ ಬಹಳ ಹೊತ್ತು ನೋಡಿದರು.

"ಹಾಡುವಾಗ ನಾನು ಹೆಂಗ ಕಾಣ್ತೀನಿ ಅಂತ ನನಗ ಗೊತ್ತೇ ಇದ್ದಿಲ್ಲ," ಎಂದರು. ಆಮೇಲೆ, "ತಂಬೂರಿ ಇಲ್ಲೇ ತರ್ರಿ."

ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಹಾಡಿದರು. ಅಂಗಳ ತುಂಬಿ, ಮಾಳಿಗೆ ತುಂಬಿ, ಓಣಿ ತುಂಬಿತ್ತು. ಯಮನ್ ರಾಗದ ಮೊದಲ ಸ್ವರ ಎದ್ದಾಗ ಇಮಾಮ್ಬೀ ಒದ್ದೆ ಅರಿವೆಯನ್ನು ಎದೆಗೆ ಒತ್ತಿಕೊಂಡಳು. ಲಾಲಮ್ಮನ ಗಂಡ ಬಟ್ಟಲು ಹಿಡಿದೇ ಕಣ್ಣು ಮುಚ್ಚಿದ. ಮೇಲೆ ಕುಳಿತ ಮುಖವೂ ಕೆಳಗೆ ಕಲ್ಲಿನಲ್ಲಿದ್ದ ಮುಖವೂ ಒಂದೇ ಉಸಿರಿನಲ್ಲಿದ್ದಂತೆ ಕಂಡವು. ಮಸಿಗೈ ಮಡಿಲಲ್ಲಿಟ್ಟುಕೊಂಡು ಕುಳಿತ ಜಹಾಂಗೀರ ಅತ್ತುಬಿಟ್ಟ. ಅತ್ತರೆ ತಪ್ಪೇನೂ ಇಲ್ಲ.

ಹಾಡು ಮುಗಿದಾಗ ಬಾಯಿಯವರು ಲಾಲಮ್ಮನ ಕೈ ಹಿಡಿದರು. "ಈ ಕಲ್ಲು ಹಿಂಗೇ ಇರಲಿ ತಂಗಿ. ಪ್ರತಿ ವರ್ಷ ಇಲ್ಲೇ ಬಂದು ಹಾಡ್ತೀನಿ."

"ಬೇಕಾದ್ರ ಒಲಿ ಅಂಗಳಕ್ಕ ಹಾಕ್ತೀನಿ ಅಕ್ಕಾ," ಎಂದಳು ಲಾಲಮ್ಮ, "ಈ ಕಲ್ಲಿನ ಮ್ಯಾಲ ಕೂದಲೆಳಿ ಬೀಳಗೊಡಂಗಿಲ್ಲ." ಓಣಿಗೆ ಓಣಿಯೇ ಹೌದು ಎಂದಿತು.

ಕಲ್ಯಾಣಪ್ಪ ಸಾಹುಕಾರರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. "ಸಭಾದ ಪರವಾಗಿ ಹೇಳ್ತೀನಿ. ಈ ಚಿತ್ರಕ್ಕ ಯಾರಾದ್ರೂ ಕೈ ಹಚ್ಚಿದ್ರ, ಅವರು ಈ ಊರಾಗ ಉಳಿಯಂಗಿಲ್ಲ!" ಚಪ್ಪಾಳೆ ನಿಲ್ಲಲಿಲ್ಲ. ಸಾಹುಕಾರರು ಜಹಾಂಗೀರನನ್ನು ಎಬ್ಬಿಸಿ ತಬ್ಬಿಕೊಂಡರು. "ಮಂದಿ ತುಂಬಿಸಿದೆಲೋ! ಮಾತು ಅಂದ್ರ ಮಾತು. ಸಭಾದ ಪೋಸ್ಟರೆಲ್ಲ ನಿಂದೇ. ಬರೋ ವಾರ ಸಿತಾರದವರು ಬರ್ತಾರ, ನಾಳಿ ಮುಂಜಾನೇನೇ ಚಿತ್ರ ಶುರು ಹಚ್ಚು!"

"ಶುರು ಹಚ್ತೀನ್ರಿ ಸಾಹುಕಾರ್ರ!" ಎಂದ ಜಹಾಂಗೀರ, ಕಣ್ಣೊರೆಸಿಕೊಳ್ಳುತ್ತ. ಒರೆಸುತ್ತಿದ್ದ ಕೈ ಅರ್ಧಕ್ಕೇ ನಿಂತಿತು.

ಕಲ್ಲಚ್ಚಿನವನು ಹೊಸ ಚಿತ್ರ ಬರೆಯಬೇಕಾದರೆ ಅದೇ ಕಲ್ಲಿಗೆ ಮರಳು ಹಾಕಿ, ಹಳೆಯ ಚಿತ್ರವನ್ನು ಗುರುತು ಸಿಗದಂತೆ ತಿಕ್ಕಿ ಅಳಿಸಬೇಕು. ಊರ ಗಣಿಗಳನ್ನೆಲ್ಲ ಸುತ್ತಿದರೂ ಸಿಕ್ಕಿದ್ದು ಆ ಒಂದೇ ಕಲ್ಲು; ಬೇರೆ ದಾರಿಯಿಲ್ಲ.

"ಸಾಹುಕಾರ್ರ," ಎಂದ ಮೆಲ್ಲಗೆ, "ಬರೀಲಿಕ್ಕೆ ನನ್ನ ಹತ್ರ ಕಲ್ಲಿಲ್ಲರಿ."

"ಕಲ್ಲಾ?" ಸಾಹುಕಾರರು ನೆಲ ನೋಡಿದರು, ಗೋಡೆ ನೋಡಿದರು, ಮಾಳಿಗೆ ನೋಡಿದರು. ಎಲ್ಲವೂ ಫರಸಿ. ಅವರು ನಕ್ಕರು, ಓಣಿಯೂ ನಕ್ಕಿತು, ಬಾಯಿಯವರೂ ನಕ್ಕರು.

"ಶಹಾಬಾದದಾಗ ನಿಂತು ಕಲ್ಲಿಲ್ಲ ಅಂತೀಯಲ್ಲೋ ಹುಚ್ಚಾ! ನಾಳಿ ನನ್ನ ಫರಸಿ ಅಡ್ಡಾಕ್ಕ ಬಾ, ಎಷ್ಟು ಬೇಕೋ ಅಷ್ಟು ಹೊತ್ಕೊಂಡು ಹೋಗು!"