ಅಮ್ಮನ ಫ್ರಿಜ್ಜಿಗೆ ಬಂದ ಮೇಕೆಯ ಹೃದಯ

ಸಸ್ಯಾಹಾರಿ ಮನೆಯ ಫ್ರಿಜ್ಜಿನಲ್ಲಿ ಮೇಕೆಯ ಹೃದಯವನ್ನು ಎಲ್ಲಿ ಬಚ್ಚಿಡಬೇಕೆಂದು ಯಾವ ವಿಶ್ವವಿದ್ಯಾಲಯವೂ ಹೇಳಿಕೊಡುವುದಿಲ್ಲ. ಹೃದಯದ ಸ್ನಾಯುವಿನ ಜೀವಕೋಶಗಳನ್ನು ಒಂದೊಂದಾಗಿ ಬಿಡಿಸಿ, ಒಳಗಿನ ಜೀನುಗಳಲ್ಲಿ ಯಾವುದು ಕೆಲಸ ಮಾಡುತ್ತಿದೆ ಎಂದು ಓದುವ ಸಂಶೋಧನೆಗೆ ನಾನು ಆಗಷ್ಟೇ ಸೇರಿದ್ದೆ. ಮನುಷ್ಯರ ಹೃದಯದ ತುಣುಕು ಮುಟ್ಟುವ ಮೊದಲು ಮೇಕೆಯದರಲ್ಲಿ ಕೈ ಪಳಗಿಸಿಕೋ ಎಂದಿದ್ದರು ನಮ್ಮ ಗೈಡು. ಬೆಂಗಳೂರಿನಲ್ಲಿ ಮೇಕೆಗೇನೂ ಬರವಿರಲಿಲ್ಲ. ಆದರೆ ಊರಿಗೆ ಹೋಗಲು ಒಂದು ನೆಪ ಸಿಕ್ಕಿದರೆ ಬಿಡುವ ಪೈಕಿ ನಾನಲ್ಲ. ನಮ್ಮೂರ ಪಕ್ಕದ ಗುಬ್ಬಿಯಲ್ಲಿ ನನ್ನ ಹೈಸ್ಕೂಲು ಗೆಳತಿ ನೂರ್‌ಳ ಅಣ್ಣನ ಮಟನ್ ಅಂಗಡಿಯಿತ್ತು.

"ಪ್ರತಿ ರಂಜಾನ್‌ಗೂ ಬರೀ ಶ್ಯಾವಿಗೆ ಪಾಯಸ ಕುಡ್ದು ಓಡೋಗ್ತಿದ್ದೋಳು, ಈಗ ಬಂದು ಹೃದಯ ಕೇಳ್ತೀಯಲ್ಲೇ" ಎಂದು ನಗುತ್ತ ನೂರ್ ಅದನ್ನು ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ತುಂಬಿ ಕೊಟ್ಟಳು.

ಅಲ್ಲಿಂದ ಬಸ್ಸಿನಲ್ಲಿ ಬಂದಿಳಿದು ಊರಿನ ನಮ್ಮ ಮನೆ ಸೇರುವಷ್ಟರಲ್ಲಿ ಐಸ್ ಅರ್ಧ ನೀರಾಗಿತ್ತು. ಅಮ್ಮ ಲಿಂಗಪೂಜೆಗೆ ಕೂತಿದ್ದರು. ಸದ್ದಿಲ್ಲದೆ ಡಬ್ಬಿಯನ್ನು ದೋಸೆ ಹಿಟ್ಟಿನ ಹಿಂದೆ ತಳ್ಳಿ, ಮುಖ ತೊಳೆಯಲು ಹೋದೆ. ಬರುವಷ್ಟರಲ್ಲಿ ಅಮ್ಮ ಡಬ್ಬಿ ಹಿಡಿದು ನಿಂತಿದ್ದರು.

"ಏನೇ ಇದು?"

"ಹೃದಯ."

"ಯಾರ್ದು?"

ಮೇಕೆಯದೆಂದೆ. ಅಮ್ಮ ಡಬ್ಬಿಯನ್ನು ಹಿತ್ತಲ ಕಟ್ಟೆಯ ಮೇಲಿಟ್ಟು, ಫ್ರಿಜ್ಜನ್ನೆಲ್ಲ ಹುಣಸೆಹಣ್ಣು ಹಚ್ಚಿ ತೊಳೆದರು. ನನ್ನ ಸಂಶೋಧನೆ ಬಿಸಿಲಲ್ಲಿ ಬೇಯುತ್ತಿತ್ತು. ತೊಳೆದು ಮುಗಿದ ಮೇಲೆ ಅವರೇ ಚಪ್ಪಲಿ ಮೆಟ್ಟಿ ಹೋಗಿ ಜ್ಯೂಸ್ ಅಂಗಡಿಯಿಂದ ಒಂದು ಚೀಲ ಐಸ್ ತಂದರು. "ಮೇಕೆ ಹೋಗಿದ್ದು ಹೋಯ್ತು, ದಂಡ ಆಗ್ಬಾರ್ದಲ್ಲ" ಎಂದು ಡಬ್ಬಿಗೆ ಸುರಿದು ಪಕ್ಕದಲ್ಲೇ ಕೂತರು. "ಇದ್ರೊಳಗೆ ಏನ್ ನೋಡ್ತೀಯ?"

ನಾನು ಉತ್ಸಾಹದಿಂದ ಶುರುಮಾಡಿದೆ. ಹೃದಯದ ಸ್ನಾಯು ನೋಡಲು ಒಂದೇ ಥರ, ಆದರೆ ಮೇಲಿನ ಕೋಣೆಯ ಕೋಶ ಬೇರೆ, ಕೆಳಗಿನದು ಬೇರೆ. ಒಂದೇ ಕೋಣೆಯಲ್ಲಿ ಅಕ್ಕಪಕ್ಕ ಇರುವವುಗಳಲ್ಲೂ ಒಂದರ ಸ್ವಭಾವ ಇನ್ನೊಂದಕ್ಕಿಲ್ಲ. ಸೆಮಿನಾರಿನಲ್ಲೂ ಅಷ್ಟು ಚೆನ್ನಾಗಿ ಹೇಳಿರಲಾರೆ.

ಎಲ್ಲ ಕೇಳಿಸಿಕೊಂಡು ಅಮ್ಮ ಕೇಳಿದರು: "ಹಂಗಾರೆ ನಿಮ್ಮಪ್ಪಂದ್ರಲ್ಲಿ ಯಾವ್ದು ಕೈಕೊಡ್ತು?"

ಅದಕ್ಕೆ ಎರಡು ವರ್ಷದ ಹಿಂದೆ ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂತ ಅಪ್ಪ ಮತ್ತೆ ಎದ್ದಿರಲಿಲ್ಲ. ಹೃದಯಾಘಾತ ಎಂಬ ಒಂದೇ ಪದದಲ್ಲಿ ಎಲ್ಲರೂ ಮುಗಿಸಿಬಿಟ್ಟಿದ್ದರು. ಹೀಗೆ ಒಳಹೊಕ್ಕು ಕೇಳಿದವರು ಅಮ್ಮ ಒಬ್ಬರೇ.

"ಗೊತ್ತಿಲ್ಲಮ್ಮ" ಎಂದೆ.

"ಸರಿ. ನಿಧಾನಕ್ಕೆ ನೋಡು" ಎಂದು ಡಬ್ಬಿಯ ಮುಚ್ಚಳ ಒತ್ತಿ, ತಮ್ಮ ಹಳೇ ಸೀರೆಯ ತುಂಡಿನಲ್ಲಿ ಸುತ್ತಿಕೊಟ್ಟರು.

ಆ ಹೃದಯದ ಕೋಶಗಳನ್ನು ಮಾರನೆಯ ದಿನವೇ ಲ್ಯಾಬಿನಲ್ಲಿ ಬಿಡಿಸಲು ಹೋಗಿ ಅರೆದು ಚಟ್ನಿ ಮಾಡಿದೆ, ಆ ಮಾತು ಬೇರೆ. ಈಗ ಕೈ ಪಳಗಿದೆ, ಮನುಷ್ಯರ ಹೃದಯವೂ ಸಿಗುತ್ತದೆ. ಅಮ್ಮ ಬೀದಿಯವರಿಗೆಲ್ಲ "ನನ್ ಮಗಳು ಹೃದಯ ನೋಡ್ತಾಳೆ" ಎಂದಿರುವುದರಿಂದ, ನಾನು ಊರಿಗೆ ಹೋದಾಗಲೆಲ್ಲ ಯಾರಾದರೂ ಇಸಿಜಿ ಹಿಡಿದು ಬಾಗಿಲಿಗೆ ಬರುತ್ತಾರೆ. ಅದನ್ನು ಓದಲು ನನಗೆ ಬರುವುದಿಲ್ಲ. ಅಮ್ಮ ಪಕ್ಕದಲ್ಲೇ ನಿಂತಿರುತ್ತಾರಲ್ಲ, ಕಾಗದವನ್ನು ಬೆಳಕಿಗೆ ಹಿಡಿದು ಕತ್ತು ಆಡಿಸಿ, "ಯಾವುದಕ್ಕೂ ಒಳ್ಳೇ ಡಾಕ್ಟ್ರಿಗೆ ತೋರಿಸ್ಬಿಡಿ" ಎನ್ನುತ್ತೇನೆ.